ಚಿಚೆನ್ ಇಟ್ಸಾದಿಂದ ಕೊಪಾನ್‌ವರೆಗೆ: ಯಾವ ಮಾಯಾ ನಗರವನ್ನು ನೋಡಬೇಕು?

ಮಾಯಾ ಜನರ ಪ್ರಾಚೀನ ನಗರಗಳು ಇಂದಿನ ದಕ್ಷಿಣ ಮೆಕ್ಸಿಕೋ, ಗ್ವಾಟೆಮಾಲಾ, ಬೆಲೀಜ್, ಹೊಂಡುರಾಸ್ ಮತ್ತು ಎಲ್ ಸಾಲ್ವಡಾರ್ ದೇಶಗಳಲ್ಲಿ ಹರಡಿಕೊಂಡಿವೆ. ಒಂದೇ ಪ್ರವಾಸದಲ್ಲಿ ಅವೆಲ್ಲವನ್ನೂ ನೋಡಲು ಯಾರಿಗೂ ಸಾಧ್ಯವಿಲ್ಲ. ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ರಜೆಗೆ ಮೆಕ್ಸಿಕೋದ ಕಡಲತೀರದ ಕಾನ್‌ಕುನ್‌ಗೆ ಹೋದಾಗ ಒಂದು ದಿನವನ್ನು ಚಿಚೆನ್ ಇಟ್ಸಾಕ್ಕೆ ಮೀಸಲಿಡುವುದು ವಾಡಿಕೆಯಾಗಿಬಿಟ್ಟಿದೆ. ಅಷ್ಟಕ್ಕೇ ತೃಪ್ತರಾಗದವರು ಮುಂದೆ ಕೇಳುವುದು ಹೀಗೆ: ಟಿಕಾಲ್‌ಗಾಗಿ ಇನ್ನೊಂದು ದೇಶಕ್ಕೆ ಹೋಗುವುದು ಸಾರ್ಥಕವೇ, ಪಲೆಂಕೆ ಅಷ್ಟು ದೂರದ ಪ್ರಯಾಣಕ್ಕೆ ತಕ್ಕದ್ದೇ, ಖಗೋಳದ ಆಸಕ್ತಿ ಇರುವವರು ಎಲ್ಲಿಗೆ ಹೋಗಬೇಕು, ಆಧ್ಯಾತ್ಮಿಕ ಅನುಭವವನ್ನು ಬಯಸುವವರು ಎಲ್ಲಿಗೆ? ಇಲ್ಲಿ ಚಿಚೆನ್ ಇಟ್ಸಾ, ಉಶ್ಮಲ್, ಪಲೆಂಕೆ, ಟಿಕಾಲ್ ಮತ್ತು ಕೊಪಾನ್ ಎಂಬ ಐದು ನಗರಗಳನ್ನು ಈ ಪ್ರಶ್ನೆಗಳ ಬೆಳಕಿನಲ್ಲಿ ತೂಗಿ ನೋಡಿದ್ದೇನೆ.

ಯಾವ ಮಾನದಂಡಗಳಿಂದ ಅಳೆಯಬೇಕು?

ಮೊದಲನೆಯದು, ಆಕಾಶದೊಂದಿಗಿನ ಸಂಬಂಧಕ್ಕೆ ಆ ಸ್ಥಳದಲ್ಲಿ ಇರುವ ಆಧಾರ. ಯಾವುದೋ ದಿನ ಯಾವುದೋ ಬಾಗಿಲಿನಲ್ಲಿ ಬಿಸಿಲು ಬೀಳುತ್ತದೆ ಎಂಬ ಮಾತ್ರಕ್ಕೆ ಕಟ್ಟಿದವರ ಉದ್ದೇಶ ಅದೇ ಆಗಿತ್ತೆಂದು ಹೇಳಲಾಗದು. ಶಾಸನದ ದಿನಾಂಕ, ಕಟ್ಟಡದ ದಿಕ್ಕು, ಅಲಂಕಾರದ ಚಿಹ್ನೆ ಈ ಮೂರೂ ಒಂದೇ ಕಡೆಗೆ ಬೆರಳು ಮಾಡಿದಾಗ ಆಧಾರ ಗಟ್ಟಿಯಾಗುತ್ತದೆ. ಎರಡನೆಯದು, ಅಲ್ಲಿ ಮೌನವಾಗಿ ನಿಂತು ನೋಡಲು ಅವಕಾಶವಿದೆಯೇ, ಮಾಯಾ ಜನರ ಇಂದಿನ ಆರಾಧನೆಗೂ ಆ ಸ್ಥಳಕ್ಕೂ ನಂಟು ಉಳಿದಿದೆಯೇ ಎಂಬುದು. ಮೂರನೆಯದು ಪ್ರಯಾಣದ ಶ್ರಮ ಮತ್ತು ಖರ್ಚು. ನಾಲ್ಕನೆಯದು ಋತು: ನವೆಂಬರಿನಿಂದ ಫೆಬ್ರವರಿಯವರೆಗೆ ಹವೆ ಹಿತವಾಗಿರುತ್ತದೆ, ಮಾರ್ಚಿನಿಂದ ಮೇವರೆಗೆ ಉರಿಬಿಸಿಲು, ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ. ಈ ನಾಲ್ಕರಲ್ಲಿ ಮೊದಲನೆಯದಕ್ಕೆ ನಾನು ಹೆಚ್ಚು ತೂಕ ಕೊಟ್ಟಿದ್ದೇನೆ. ಮಾಯಾ ಜನರ ಭಕ್ತಿಯನ್ನು ಅವರ ಎಣಿಕೆಯಿಂದ ಬೇರ್ಪಡಿಸಿ ಅರ್ಥಮಾಡಿಕೊಳ್ಳುವುದು ಸಾಧ್ಯವಿಲ್ಲ ಎಂಬುದೇ ಅದಕ್ಕೆ ಕಾರಣ.

ಆ ಎಣಿಕೆಯ ಸ್ಥೂಲ ಪರಿಚಯ ಹೋಗುವ ಮೊದಲೇ ಇದ್ದರೆ ಒಳ್ಳೆಯದು. ಅವರಲ್ಲಿ 260 ದಿನಗಳ ಪವಿತ್ರ ಪಂಚಾಂಗ ಮತ್ತು 365 ದಿನಗಳ ವರ್ಷ ಜೊತೆಜೊತೆಗೆ ನಡೆಯುತ್ತಿದ್ದವು; ಎರಡೂ ಹೊರಟ ಜಾಗದಲ್ಲೇ ಮತ್ತೆ ಕೂಡಿಕೊಳ್ಳಲು 52 ವರ್ಷ ಬೇಕಾಗುತ್ತಿತ್ತು. ಇವಲ್ಲದೆ ಕ್ರಿ.ಪೂ. 3114ರ ಆಗಸ್ಟ್‌ನಿಂದ ಒಂದೊಂದೇ ದಿನವನ್ನು ಎಣಿಸಿಕೊಂಡು ಬಂದ ದೀರ್ಘ ಗಣನೆಯೊಂದಿತ್ತು. 2012ರ ಡಿಸೆಂಬರ್ 21ರಂದು ಪ್ರಳಯವಾಗುತ್ತದೆಂದು ಹಬ್ಬಿದ ಸುದ್ದಿಗೆ ಮೂಲ ಆ ಗಣನೆಯ ಒಂದು ದೊಡ್ಡ ಆವರ್ತ ಮುಗಿದದ್ದೇ ಹೊರತು ಮಾಯಾ ಜನರ ಯಾವ ಭವಿಷ್ಯವಾಣಿಯೂ ಅಲ್ಲ. ಶುಕ್ರನ ಚಲನೆಯನ್ನು ಅವರು 584 ದಿನಗಳ ಆವರ್ತವಾಗಿ ಗುರುತಿಸಿದ್ದರು. ಅಂಥ ಐದು ಆವರ್ತಗಳು ಸೇರಿದರೆ 2,920 ದಿನ, ಅಂದರೆ 365 ದಿನಗಳ ಸರಿಯಾಗಿ ಎಂಟು ವರ್ಷ. ಜರ್ಮನಿಯ ಡ್ರೆಸ್ಡೆನ್ ನಗರದ ಗ್ರಂಥಾಲಯದಲ್ಲಿರುವ ಮಾಯಾ ಹಸ್ತಪ್ರತಿಯಲ್ಲಿ ಈ ಶುಕ್ರ ಪಟ್ಟಿಯೂ, 405 ಚಾಂದ್ರಮಾಸಗಳನ್ನು ಒಳಗೊಂಡ ಗ್ರಹಣ ಪಟ್ಟಿಯೂ ಇವೆ. ಅಂಥ ಹಸ್ತಪ್ರತಿಗಳು ಇಂದು ಉಳಿದಿರುವುದು ನಾಲ್ಕೇ ನಾಲ್ಕು. 1562ರಲ್ಲಿ ಆಗ್ನೇಯ ಮೆಕ್ಸಿಕೋದ ಯುಕಟಾನ್‌ನ ಮಾನಿ ಎಂಬ ಊರಿನಲ್ಲಿ ಡಿಯೆಗೊ ಡಿ ಲಾಂಡಾ ಎಂಬ ಪಾದ್ರಿ ಸುಡಿಸಿದ ಗ್ರಂಥಗಳಲ್ಲಿ ಇನ್ನೇನೇನು ಇದ್ದವೋ ಎಂದು ನೆನೆದರೆ ಸಂಕಟವಾಗುತ್ತದೆ.

ಈ ನಗರಗಳೆಲ್ಲ ಉಷ್ಣವಲಯದಲ್ಲಿವೆ. ಆದ್ದರಿಂದ ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ಭಾಗ ಮತ್ತು ಆಗಸ್ಟ್ ಮಧ್ಯದಲ್ಲಿ ಬರುವ ಶೂನ್ಯ ನೆರಳಿನ ದಿನಗಳಂತೆ ಅಲ್ಲಿಯೂ ವರ್ಷಕ್ಕೆರಡು ಸಲ ಸೂರ್ಯ ನಡುನೆತ್ತಿಗೆ ಬರುತ್ತಾನೆ. ಯುರೋಪಿನ ಪ್ರವಾಸಿಗಳಿಗೆ ವಿವರಿಸಿ ಹೇಳಬೇಕಾದ ಈ ಸಂಗತಿ ಕನ್ನಡಿಗರಿಗೆ ತಮ್ಮ ಅಂಗಳದಲ್ಲೇ ಪರಿಚಿತ.

ಚಿಚೆನ್ ಇಟ್ಸಾ: ಸುಲಭದ ದಾರಿ, ದೊಡ್ಡ ಜನಜಂಗುಳಿ

ಕಾನ್‌ಕುನ್‌ನಿಂದ ಸುಮಾರು 200 ಕಿ.ಮೀ., ಯುಕಟಾನ್ ರಾಜ್ಯದ ರಾಜಧಾನಿ ಮೆರಿಡಾದಿಂದ ಸುಮಾರು 120 ಕಿ.ಮೀ. ದೂರದಲ್ಲಿರುವ ಈ ನಗರವನ್ನು ತಲುಪುವಷ್ಟು ಸುಲಭವಾಗಿ ಉಳಿದ ನಾಲ್ಕನ್ನು ತಲುಪಲಾಗದು. ಕುಕುಲ್ಕನ್ ದೇವರ ಪಿರಮಿಡ್ಡಿನ ನಾಲ್ಕು ದಿಕ್ಕಿಗೂ 91 ಮೆಟ್ಟಿಲುಗಳಿದ್ದು, ಮೇಲಿನ ಜಗಲಿಯನ್ನೂ ಸೇರಿಸಿದರೆ ಒಟ್ಟು 365 ಆಗುತ್ತದೆ. ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳಲ್ಲಿ ಹಗಲು ರಾತ್ರಿ ಸಮವಾಗುವ ವಿಷುವ ದಿನಗಳ ಸಂಜೆ ಉತ್ತರದ ಮೆಟ್ಟಿಲಿನ ಕೈಪಿಡಿಗೋಡೆಯ ಮೇಲೆ ಬೆಳಕಿನ ತ್ರಿಕೋನಗಳು ಸಾಲಾಗಿ ಮೂಡಿ, ಬುಡದಲ್ಲಿರುವ ಕಲ್ಲಿನ ಹಾವಿನ ತಲೆಗೆ ಕೂಡಿಕೊಂಡು, ಸರ್ಪವೊಂದು ಕೆಳಗಿಳಿಯುತ್ತಿರುವಂತೆ ಕಾಣುತ್ತದೆ. ಅದನ್ನು ನೋಡಲು ಸಾವಿರಾರು ಜನ ಸೇರುತ್ತಾರೆ.

ಆದರೆ ಈ ದೃಶ್ಯ ವಿಷುವದ ಹಿಂದು ಮುಂದಿನ ಹಲವು ದಿನಗಳಲ್ಲಿಯೂ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ. ನಿಖರವಾಗಿ ಆ ಒಂದು ದಿನವನ್ನು ಸೂಚಿಸಲೆಂದೇ ಪಿರಮಿಡ್ಡನ್ನು ಕಟ್ಟಿದರೆಂಬುದಕ್ಕೆ ಯಾವ ಶಾಸನವೂ ಇಲ್ಲ. ಸಂಶೋಧಕರಲ್ಲಿ ಅನೇಕರು ಅದನ್ನು ಸಂಶಯದಿಂದಲೇ ನೋಡುತ್ತಾರೆ. ಹೀಗಾಗಿ ವಿಷುವಕ್ಕೆ ನಾಲ್ಕೈದು ದಿನ ಮೊದಲು ಅಥವಾ ಆಮೇಲೆ ಹೋದರೆ ನೀವು ಕಳೆದುಕೊಳ್ಳುವುದು ಬಹಳ ಕಡಿಮೆ, ಉಳಿಸಿಕೊಳ್ಳುವ ನೆಮ್ಮದಿ ಬಹಳ ಹೆಚ್ಚು. ಸೆಪ್ಟೆಂಬರಿನದು ಮಳೆಗಾಲದ ವಿಷುವವಾದ್ದರಿಂದ ಮೋಡ ಕವಿಯುವ ಸಾಧ್ಯತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಖಗೋಳಾಸಕ್ತರು ಪಿರಮಿಡ್ಡಿಗಿಂತ ಹೆಚ್ಚು ಹೊತ್ತನ್ನು ಎಲ್ ಕರಕೋಲ್ ಎಂಬ ದುಂಡನೆಯ ಗೋಪುರದ ಮುಂದೆ ಕಳೆಯಬೇಕೆಂಬುದು ನನ್ನ ಅಭಿಪ್ರಾಯ. ಮೇಲ್ಭಾಗ ಕುಸಿದಿದ್ದರೂ ಉಳಿದಿರುವ ಕಿರಿದಾದ ಕಿಟಕಿಗಳು ಸಂಜೆಯ ಶುಕ್ರ ದಿಗಂತದಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಅತಿ ದೂರ ಸರಿದು ಮುಳುಗುವ ಬಿಂದುಗಳ ಕಡೆಗೆ ತೆರೆದುಕೊಂಡಿವೆ ಎಂದು ಅಳತೆಗಳಿಂದ ತಿಳಿದುಬಂದಿದೆ. ಒಳಗೆ ಹೋಗಲು ಬಿಡುವುದಿಲ್ಲ, ಹೊರಗಿನಿಂದಲೇ ನೋಡಬೇಕು. ಆಧ್ಯಾತ್ಮಿಕ ದೃಷ್ಟಿಯಿಂದ ಇಲ್ಲಿನ ಕೇಂದ್ರವೆಂದರೆ ಸುಮಾರು 60 ಮೀಟರ್ ಅಗಲದ ಪವಿತ್ರ ಸಿನೋಟೆ. ಸುಣ್ಣಕಲ್ಲಿನ ನೆಲ ಕುಸಿದು ತೆರೆದುಕೊಂಡ ಈ ನೀರಿನ ಗುಂಡಿಯಿಂದ ಚಿನ್ನ, ಹಸಿರು ಜೇಡ್ ಕಲ್ಲು, ಸುಗಂಧದ ಕೋಪಾಲ್ ಅಂಟು ಮತ್ತು ಮನುಷ್ಯರ ಎಲುಬುಗಳು ಸಿಕ್ಕಿವೆ. ನದಿಗಳಿಲ್ಲದ ಆ ನಾಡಿನಲ್ಲಿ ನೀರೇ ದೇವರ ಬಾಗಿಲಾಗಿತ್ತು.

ಇಲ್ಲಿನ ತೊಡಕುಗಳನ್ನೂ ಹೇಳಿಬಿಡಬೇಕು. ಪಿರಮಿಡ್ ಹತ್ತುವುದಕ್ಕೆ ಅವಕಾಶವಿಲ್ಲ. ರಾಜ್ಯ ಮತ್ತು ಕೇಂದ್ರದ ಎರಡು ಪ್ರತ್ಯೇಕ ಟಿಕೆಟ್ ಕೊಳ್ಳಬೇಕಾದ್ದರಿಂದ ಪ್ರವೇಶದ ಖರ್ಚು ಹೆಚ್ಚು. ಒಳಗಿನ ಹಾದಿಗಳ ತುಂಬ ಮಾರಾಟಗಾರರು. ಬೆಳಿಗ್ಗೆ ಹತ್ತೂವರೆ ಹನ್ನೊಂದರ ಹೊತ್ತಿಗೆ ಕಾನ್‌ಕುನ್‌ನ ಬಸ್ಸುಗಳು ಬಂದಿಳಿದ ಮೇಲೆ ಶಾಂತಿಯನ್ನು ನಿರೀಕ್ಷಿಸುವುದು ವ್ಯರ್ಥ. ಹಿಂದಿನ ರಾತ್ರಿ 40 ಕಿ.ಮೀ. ದೂರದ ವಯ್ಯಾಡೊಲಿಡ್ ಪಟ್ಟಣದಲ್ಲಿ ತಂಗಿ, ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರುವುದೊಂದೇ ಇದಕ್ಕೆ ಪರಿಹಾರ.

ಉಶ್ಮಲ್: ಶುಕ್ರನಿಗಾಗಿ ತಿರುಗಿ ನಿಂತ ಅರಮನೆ

ಮೆರಿಡಾದಿಂದ ಸುಮಾರು 80 ಕಿ.ಮೀ. ದಕ್ಷಿಣಕ್ಕಿರುವ ಉಶ್ಮಲ್‌ಗೆ ಚಿಚೆನ್ ಇಟ್ಸಾದ ಖ್ಯಾತಿ ಇಲ್ಲ. ಅಲ್ಲಿನ ಗದ್ದಲವೂ ಇಲ್ಲ. ಆಧಾರದ ದೃಷ್ಟಿಯಿಂದ ನೋಡಿದರೆ ಇದು ಹೆಚ್ಚು ಗಟ್ಟಿಯಾದ ಸ್ಥಳ. ಇಲ್ಲಿನ ಗವರ್ನರ್ ಅರಮನೆಯೆಂಬ ಉದ್ದನೆಯ ಕಟ್ಟಡ ನಗರದ ಉಳಿದ ಕಟ್ಟಡಗಳ ದಿಕ್ಕನ್ನು ಬಿಟ್ಟು ಬೇರೆಯಾಗಿ ತಿರುಗಿ ನಿಂತಿದೆ, ಮತ್ತು ಅದರ ನೇರ ರೇಖೆಯಲ್ಲಿ ದೂರದ ದಿಗಂತದ ಮೇಲೆ ಇನ್ನೊಂದು ಪಿರಮಿಡ್ಡಿನ ದಿಬ್ಬವಿದೆ. ಈ ರೇಖೆ ಶುಕ್ರ ದಿಗಂತದಲ್ಲಿ ತಲುಪುವ ತುದಿಯನ್ನು ಗುರುತಿಸುತ್ತದೆ. ಅದು ದಕ್ಷಿಣದ ತುದಿಯಲ್ಲಿ ಮೂಡುವ ಬೆಳ್ಳಿಚುಕ್ಕಿಯನ್ನು ನೋಡಲು ಇತ್ತೋ, ಅಥವಾ ಎದುರು ದಿಕ್ಕಿನಿಂದ ಉತ್ತರದ ತುದಿಯಲ್ಲಿ ಮುಳುಗುವ ಶುಕ್ರನನ್ನು ನೋಡಲು ಇತ್ತೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ, ಶುಕ್ರನ ಸಂಬಂಧದ ಬಗ್ಗೆ ಅಷ್ಟಾಗಿ ಇಲ್ಲ. ಕಟ್ಟಡದ ಮುಖದ ಮೇಲೆ ಸಾಲುಗಟ್ಟಿರುವ ಮಳೆದೇವತೆ ಚಾಕ್‌ನ ಮುಖವಾಡಗಳಲ್ಲಿ ನೂರಾರು ಶುಕ್ರ ಚಿಹ್ನೆಗಳಿವೆ. ಮೂಲೆಯ ಕೆಲವು ಮುಖವಾಡಗಳ ಹುಬ್ಬಿನ ಮೇಲೆ ಎಂಟು ಎಂಬ ಅಂಕಿಯನ್ನು ಕೆತ್ತಲಾಗಿದೆ. ಐದು ಶುಕ್ರಾವರ್ತಗಳಿಗೆ ಎಂಟು ವರ್ಷ ಎಂಬ ಲೆಕ್ಕವನ್ನು ತಿಳಿದು ಹೋದವರಿಗೆ ಅದು ಥಟ್ಟನೆ ಅರ್ಥವಾಗುತ್ತದೆ.

ಬೆಳ್ಳಿಗೂ ಮಳೆಗೂ ಏನು ಸಂಬಂಧವೆಂದು ಕೇಳಬಹುದು. ಸಂಜೆಯ ಶುಕ್ರ ಉತ್ತರದ ತುದಿಯನ್ನು ತಲುಪುವುದು ಏಪ್ರಿಲ್–ಮೇ ತಿಂಗಳುಗಳಲ್ಲಿ, ಅಂದರೆ ಮೊದಲ ಮಳೆಗಾಗಿ ಮೆಕ್ಕೆಜೋಳ ಬಿತ್ತುವ ರೈತ ಕಾಯುತ್ತಿರುವ ಕಾಲದಲ್ಲಿ. ಉಶ್ಮಲ್ ಸುತ್ತಮುತ್ತ ಸಿನೋಟೆಗಳಿಲ್ಲ, ನದಿಯಿಲ್ಲ. ನೆಲದಡಿ ಕೊರೆದ ತೊಟ್ಟಿಗಳಲ್ಲಿ ಮಳೆನೀರನ್ನು ಹಿಡಿದಿಟ್ಟುಕೊಂಡೇ ಇಡೀ ನಗರ ಬದುಕಿತ್ತು. ಯುಕಟಾನ್‌ನ ಹಳ್ಳಿಗಳಲ್ಲಿ ಚಾಕ್‌ನನ್ನು ಕರೆಯುವ ಮಳೆಯ ಪೂಜೆ ಇಂದಿಗೂ ನಡೆಯುತ್ತದೆ. ಇದೆಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡು ಆ ಗೋಡೆಯ ಮುಂದೆ ನಿಂತಾಗ, ಗ್ರಹಗಣಿತ ಮತ್ತು ಪ್ರಾರ್ಥನೆ ಅವರಿಗೆ ಒಂದೇ ಕೆಲಸವಾಗಿತ್ತೆಂಬುದು ಮನದಟ್ಟಾಗುತ್ತದೆ. ಖರ್ಚಿನ ವಿಷಯದಲ್ಲಿ ಇಲ್ಲಿಯೂ ಎರಡು ಟಿಕೆಟ್‌ಗಳಿವೆ. ಹೊಸ ಮಾಯಾ ರೈಲು ಚಿಚೆನ್ ಇಟ್ಸಾ ಮತ್ತು ಪಲೆಂಕೆಗಳಿಗೆ ಹೋಗುತ್ತದಾದರೂ ಉಶ್ಮಲ್ ಆ ಮಾರ್ಗದಲ್ಲಿಲ್ಲವಾದ್ದರಿಂದ ಮೆರಿಡಾದಿಂದ ಬಸ್ಸಿನಲ್ಲೋ ಬಾಡಿಗೆ ಕಾರಿನಲ್ಲೋ ಹೋಗಬೇಕು.

ಪಲೆಂಕೆ: ಕಲ್ಲೇ ಮಾತಾಡುವ ಊರು

ಐದರಲ್ಲಿ ಒಂದನ್ನೇ ಆರಿಸಿಕೊಳ್ಳಲು ಹೇಳಿದರೆ ನಾನು ಹೆಸರಿಸುವುದು ಚಿಯಾಪಾಸ್ ರಾಜ್ಯದ ಕಾಡಿನಂಚಿನಲ್ಲಿರುವ ಪಲೆಂಕೆಯನ್ನು. ಉಳಿದ ಕಡೆ ಹೆಚ್ಚಾಗಿ ಕಟ್ಟಡದ ದಿಕ್ಕಿನಿಂದ ಊಹಿಸಬೇಕಾದ ಸಂಗತಿಗಳನ್ನು ಇಲ್ಲಿ ಅರಸರೇ ಬರೆಸಿಟ್ಟಿದ್ದಾರೆ. 615ರಿಂದ 683ರವರೆಗೆ ಆಳಿದ ಕಿನಿಚ್ ಹನಾಬ್ ಪಕಾಲ್ ಎಂಬ ಅರಸನ ಸಮಾಧಿ ಇಲ್ಲಿನ ಶಾಸನಗಳ ದೇವಾಲಯದ ತಳದಲ್ಲಿದೆ. ಮೇಲಿನ ಗರ್ಭದ ನೆಲಹಾಸಿನ ಕೆಳಗೆ ಮಣ್ಣುಕಲ್ಲು ತುಂಬಿ ಮುಚ್ಚಿದ್ದ ಮೆಟ್ಟಿಲುಗಳನ್ನು ವರ್ಷಗಟ್ಟಲೆ ತೆರವು ಮಾಡಿ ಪುರಾತತ್ವಜ್ಞ ಆಲ್ಬರ್ಟೊ ರೂಸ್ 1952ರಲ್ಲಿ ಅದನ್ನು ತಲುಪಿದರು. ಪಿರಮಿಡ್ಡಿಗೆ ಒಂಬತ್ತು ಅಂತಸ್ತುಗಳಿವೆ. ಪಾತಾಳಕ್ಕೆ ಒಂಬತ್ತು ಸ್ತರಗಳೆಂಬ ನಂಬಿಕೆಗೂ ಅದಕ್ಕೂ ನಂಟು ಕಲ್ಪಿಸಲಾಗಿದೆ. ಸಮಾಧಿಯ ಮುಚ್ಚಳದ ಮೇಲೆ ವಿಶ್ವವೃಕ್ಷದ ಬುಡದಲ್ಲಿ ಅರಸ ಪಾತಾಳದ ಬಾಯಿಯ ಮೇಲೆ ಒರಗಿರುವ ಚಿತ್ರವಿದೆ. ಅದನ್ನು ಬಾಹ್ಯಾಕಾಶ ನೌಕೆಯ ಚಾಲಕನೆಂದು ಹೇಳುವ ಮಾರ್ಗದರ್ಶಕರು ಸಿಕ್ಕರೆ ಬೇರೆಯವರನ್ನು ಹುಡುಕಿಕೊಳ್ಳಿ. ಆ ಚಿತ್ರದ ಪ್ರತಿಯೊಂದು ಅಂಶವೂ ಮಾಯಾ ಧರ್ಮದ ಬೇರೆ ಶಿಲ್ಪಗಳಲ್ಲಿಯೂ ಕಾಣಸಿಗುತ್ತದೆ.

ಪಕಾಲ್‌ನ ಮಗ ಕಿನಿಚ್ ಕಾನ್ ಬಹ್ಲಾಮ್ 692ರಲ್ಲಿ ಮೂರು ಕುಲದೇವತೆಗಳಿಗೆ ಮೂರು ಗುಡಿಗಳನ್ನು ಅರ್ಪಿಸಿದ. ಶಿಲುಬೆಯಂತೆ ಕಾಣುವ ವಿಶ್ವವೃಕ್ಷದ ಕೆತ್ತನೆಯಿಂದಾಗಿ ಅವಕ್ಕೆ ಶಿಲುಬೆಯ ಗುಂಪು ಎಂಬ ಹೆಸರು ಬಂದಿದೆ. ಅಲ್ಲಿನ ಶಾಸನಗಳಲ್ಲಿ 690ರ ಜುಲೈ ತಿಂಗಳ ಒಂದು ದಿನಾಂಕವಿದೆ. ಹಿಂದಕ್ಕೆ ಲೆಕ್ಕ ಹಾಕಿದರೆ ಆ ರಾತ್ರಿ ಗುರು, ಶನಿ, ಮಂಗಳ ಮತ್ತು ಚಂದ್ರ ಆಕಾಶದ ಒಂದೇ ಭಾಗದಲ್ಲಿ ಒತ್ತೊತ್ತಾಗಿ ಸೇರಿದ್ದವೆಂದು ತಿಳಿಯುತ್ತದೆ. ದೇವತೆಗಳು ತಮ್ಮ ತಾಯಿಯೊಡನೆ ಕೂಡಿದ ಮುಹೂರ್ತವಾಗಿ ಅರಸ ಅದನ್ನು ಕಂಡಿರಬೇಕೆಂದು ವಿದ್ವಾಂಸರು ವಿವರಿಸುತ್ತಾರೆ. ಡಿಸೆಂಬರ್ 21ರ ಸುಮಾರಿಗೆ ಅರಮನೆಯಿಂದ ನೋಡಿದರೆ ಸೂರ್ಯ ಶಾಸನಗಳ ದೇವಾಲಯದ ಹಿಂದಿನ ಬೆಟ್ಟದ ಏಣಿನಲ್ಲಿ ಮುಳುಗುತ್ತಾನೆ. ಸತ್ತ ಅರಸನ ಸಮಾಧಿಯನ್ನೇ ಸೂರ್ಯ ಹೊಗುತ್ತಾನೆಂಬ ವ್ಯಾಖ್ಯಾನ ಅದಕ್ಕಿದೆ. ಡಿಸೆಂಬರ್ ಹವೆಯೂ ಹಿತವಾಗಿರುವುದರಿಂದ ಇದನ್ನು ನೋಡಲು ಹೋಗುವುದು ವಿಷುವಕ್ಕೆ ಚಿಚೆನ್ ಇಟ್ಸಾಕ್ಕೆ ಹೋಗುವುದಕ್ಕಿಂತ ಎಷ್ಟೋ ಸುಖಕರ.

ಪಲೆಂಕೆಗೆ ಹೋಗಲು ವಿಯಾಎರ್ಮೋಸಾ ನಗರಕ್ಕೆ ವಿಮಾನದಲ್ಲಿ ಹೋಗಿ ಅಲ್ಲಿಂದ ಸುಮಾರು 140 ಕಿ.ಮೀ. ರಸ್ತೆ ಪ್ರಯಾಣ ಮಾಡಬೇಕು, ಇಲ್ಲವೇ ಮೆರಿಡಾದಿಂದ ರಾತ್ರಿ ಬಸ್ಸು ಅಥವಾ ಮಾಯಾ ರೈಲು ಹಿಡಿಯಬೇಕು. ಸಮಾಧಿಯ ಕೋಣೆಯನ್ನು ಮುಚ್ಚಲಾಗಿದೆ, ಮತ್ತು ಪಕಾಲ್‌ನ ಜೇಡ್ ಮುಖವಾಡ ಮೆಕ್ಸಿಕೋ ನಗರದ ರಾಷ್ಟ್ರೀಯ ಮಾನವಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿದೆ. ವಿಮಾನ ಅಲ್ಲಿಂದ ಬದಲಾಗುವುದಾದರೆ ಅದಕ್ಕೊಂದು ದಿನ ಇಟ್ಟುಕೊಳ್ಳಿ. ಚಿಯಾಪಾಸ್‌ನ ಕೆಲವು ರಸ್ತೆಗಳ ಭದ್ರತಾ ಸ್ಥಿತಿ ಬದಲಾಗುತ್ತಿರುವುದರಿಂದ ಹೊರಡುವ ಮುನ್ನ ರಾಯಭಾರ ಕಚೇರಿಯ ಸೂಚನೆಗಳನ್ನು ಓದುವುದು ಅಗತ್ಯ.

ಟಿಕಾಲ್: ಆರಾಧನೆ ನಿಂತಿಲ್ಲದ ಕಾಡು

ಗ್ವಾಟೆಮಾಲಾದ ಪೆಟೆನ್ ಕಾಡಿನಲ್ಲಿರುವ ಟಿಕಾಲ್‌ನಲ್ಲಿ ಗುಡಿಗಳ ಶಿಖರಗಳು ಮರಗಳ ಮೇಲೆ ತಲೆಯೆತ್ತಿ ನಿಂತಿವೆ. ಸುಮಾರು 65 ಮೀಟರ್ ಎತ್ತರದ ನಾಲ್ಕನೆಯ ಗುಡಿಗೆ ಮರದ ಮೆಟ್ಟಿಲುಗಳಿದ್ದು, ಅದರ ಮೇಲೆ ಪೂರ್ವಕ್ಕೆ ಮುಖಮಾಡಿ ಕುಳಿತು ಸೂರ್ಯೋದಯಕ್ಕೆ ಕಾಯಬಹುದು. ಇದಕ್ಕೆ ಪ್ರತ್ಯೇಕ ಟಿಕೆಟ್ ಬೇಕು. ಅನೇಕ ಮುಂಜಾವುಗಳಲ್ಲಿ ಮಂಜು ಕವಿದು ಸೂರ್ಯ ಕಾಣದೇ ಇರಬಹುದು, ಆದರೆ ಕತ್ತಲಲ್ಲಿ ಕಾಡು ಎಚ್ಚರಗೊಳ್ಳುವುದನ್ನು, ಹೌಲರ್ ಮಂಗಗಳ ಗರ್ಜನೆಯನ್ನು ಕೇಳುವುದಕ್ಕಾದರೂ ಹೋಗಲೇಬೇಕು.

ಹೆಚ್ಚಿನ ಪ್ರವಾಸಿಗಳು ನಿಲ್ಲದೆ ದಾಟಿಹೋಗುವ ಜೋಡಿ ಪಿರಮಿಡ್ಡುಗಳ ಅಂಗಳದಲ್ಲಿ ಮಾತ್ರ ದಯವಿಟ್ಟು ನಿಲ್ಲಿ. 7,200 ದಿನಗಳ, ಅಂದರೆ ಸುಮಾರು 20 ವರ್ಷಗಳ ಒಂದೊಂದು ಅವಧಿ ಮುಗಿದಾಗ ಅದರ ಆಚರಣೆಗಾಗಿ ಇಂಥ ಅಂಗಳಗಳನ್ನು ಕಟ್ಟುತ್ತಿದ್ದರು. ಸೂರ್ಯ ಹುಟ್ಟುವ ಪೂರ್ವಕ್ಕೊಂದು, ಮುಳುಗುವ ಪಶ್ಚಿಮಕ್ಕೊಂದು ಪಿರಮಿಡ್. ಉತ್ತರದಲ್ಲಿ ಚಾವಣಿಯಿಲ್ಲದೆ ಆಕಾಶಕ್ಕೆ ತೆರೆದ ಆವರಣದೊಳಗೆ ಅರಸನ ಶಿಲಾಸ್ತಂಭ. ದಕ್ಷಿಣದಲ್ಲಿ ಪಾತಾಳವನ್ನು ಸೂಚಿಸುವ ಒಂಬತ್ತು ಬಾಗಿಲುಗಳ ಕಟ್ಟಡ. ಮಾಯಾ ಜನರ ಇಡೀ ವಿಶ್ವಕಲ್ಪನೆಯನ್ನು ನಿಮ್ಮ ಕಾಲಿನಿಂದಲೇ ನಡೆದು ಅರಿಯಬಹುದಾದ ಜಾಗ ಅದು. ಟಿಕಾಲ್‌ನ ಉತ್ತರಕ್ಕೆ ಕಚ್ಚಾ ರಸ್ತೆಯಲ್ಲಿ ಹೋದರೆ ವಾಶಕ್ತುನ್ ಸಿಗುತ್ತದೆ. 1924ರಲ್ಲಿ ಫ್ರಾನ್ಸ್ ಬ್ಲಾಮ್ ಅಲ್ಲಿನ ಒಂದು ಪಿರಮಿಡ್ಡಿನ ಮೇಲೆ ನಿಂತು ನೋಡಿದರೆ ಎದುರಿನ ಮೂರು ಗುಡಿಗಳು ವಿಷುವ ಮತ್ತು ಅಯನ ಸಂಕ್ರಾಂತಿಗಳ ಸೂರ್ಯೋದಯವನ್ನು ಗುರುತಿಸುತ್ತವೆಂದು ತೋರಿಸಿಕೊಟ್ಟರು. ಅದೇ ಮಾದರಿಯ ಬೇರೆ ಅನೇಕ ಅಂಗಳಗಳನ್ನು ಅಳೆದ ಮೇಲೆ, ಅವುಗಳಲ್ಲಿ ಹಲವು ಫೆಬ್ರವರಿ ಎರಡನೆಯ ವಾರ ಮತ್ತು ಅಕ್ಟೋಬರ್ ಕೊನೆಯ ಸೂರ್ಯೋದಯಗಳ ಕಡೆಗೆ ತಿರುಗಿವೆಯೆಂಬುದು ಗೊತ್ತಾಗಿದೆ. ಆ ಎರಡರ ನಡುವಿನ ಅಂತರ ಸರಿಯಾಗಿ 260 ದಿನ.

ಗ್ವಾಟೆಮಾಲಾದಲ್ಲಿ ಮಾಯಾ ಧರ್ಮ ಇಂದಿಗೂ ಜೀವಂತವಾಗಿದೆ. ಅಹ್‌ಕಿಹ್ ಎಂದು ಕರೆಯಲಾಗುವ ದಿನಗಣಕ ಅರ್ಚಕರು 260 ದಿನಗಳ ಪಂಚಾಂಗವನ್ನು ತಪ್ಪದೆ ನಡೆಸಿಕೊಂಡು ಬಂದಿದ್ದಾರೆ. ಪವಿತ್ರ ಸ್ಥಳಗಳಲ್ಲಿ ಪೂಜೆ ಸಲ್ಲಿಸುವ ಹಕ್ಕನ್ನು ಅಲ್ಲಿನ ಶಾಂತಿ ಪ್ರಕ್ರಿಯೆಯ ಭಾಗವಾದ 1995ರ ಒಪ್ಪಂದ ಮಾನ್ಯ ಮಾಡಿತು. ಟಿಕಾಲ್‌ನ ಮುಖ್ಯ ಅಂಗಳದಲ್ಲಿ ಕೋಪಾಲ್ ಮತ್ತು ಮೇಣದಬತ್ತಿಗಳ ಅಗ್ನಿಪೂಜೆ ನಡೆಯುತ್ತಿದ್ದರೆ ದೂರ ನಿಂತು ನೋಡಿ; ಅನುಮತಿಯಿಲ್ಲದೆ ಫೋಟೋ ತೆಗೆಯುವುದು ತಪ್ಪು. ಗ್ವಾಟೆಮಾಲಾ ನಗರದಿಂದ ಫ್ಲೋರೆಸ್‌ಗೆ ಸುಮಾರು ಒಂದು ಗಂಟೆಯ ವಿಮಾನಯಾನ, ಅಲ್ಲಿಂದ 65 ಕಿ.ಮೀ. ರಸ್ತೆ. ಉದ್ಯಾನದೊಳಗಿನ ವಸತಿಗೃಹಗಳು ದುಬಾರಿಯಾದರೂ ಬೆಳಗಿನ ಜಾವದ ದೃಷ್ಟಿಯಿಂದ ಒಂದು ರಾತ್ರಿಯ ಖರ್ಚು ವ್ಯರ್ಥವಾಗದು. ನಡೆಯಬೇಕಾದ ದೂರ ಹೆಚ್ಚು. ಮಂಡಿನೋವಿನ ಹಿರಿಯರಿಗೆ ಇದು ಕಷ್ಟದ ಸ್ಥಳ.

ಕೊಪಾನ್: ಓದುವವರಿಗೆ

ಗ್ವಾಟೆಮಾಲಾ ಗಡಿಗೆ ಸಮೀಪವಾಗಿ ಹೊಂಡುರಾಸ್‌ನಲ್ಲಿರುವ ಕೊಪಾನ್‌ನಲ್ಲಿ ಎತ್ತರವಿಲ್ಲ, ಸೂಕ್ಷ್ಮತೆಯಿದೆ. ಸುಮಾರು 2,200 ಅಕ್ಷರಚಿಹ್ನೆಗಳ ಮೆಟ್ಟಿಲು ಮಾಯಾ ಲಿಪಿಯಲ್ಲಿ ಈವರೆಗೆ ತಿಳಿದಿರುವ ಅತಿ ಉದ್ದದ ಶಾಸನ. 776ರ ಚೌಕಾಕಾರದ ಬಲಿಪೀಠದ ನಾಲ್ಕೂ ಬದಿಗಳಲ್ಲಿ ಕುಳಿತಿರುವ 16 ಮಂದಿಯನ್ನು ಹಿಂದೆ ಖಗೋಳಜ್ಞರ ಸಭೆಯೆಂದು ಭಾವಿಸಿದ್ದರು; ಲಿಪಿಯನ್ನು ಓದಲು ಕಲಿತ ಮೇಲೆ ಅವರು ಒಂದೇ ವಂಶದ 16 ಅರಸರೆಂದು ತಿಳಿಯಿತು. ಆದರೂ ಖಗೋಳದ ಹೆಮ್ಮೆ ಕೊಪಾನ್‌ಗೆ ಬೇರೆ ರೀತಿಯಲ್ಲಿ ಸಲ್ಲುತ್ತದೆ. ಇಲ್ಲಿನ ಗಣಕರು 149 ಚಾಂದ್ರಮಾಸಗಳಿಗೆ 4,400 ದಿನಗಳೆಂದು ಲೆಕ್ಕವಿಟ್ಟಿದ್ದರು. ಒಂದು ಮಾಸಕ್ಕೆ ಸರಾಸರಿ 29.5302 ದಿನವಾಗುವ ಈ ಲೆಕ್ಕಕ್ಕೂ ಇಂದಿನ ಅಳತೆಗೂ ಇರುವ ವ್ಯತ್ಯಾಸ ಸುಮಾರು ಅರ್ಧ ನಿಮಿಷ. ಇನ್ನೊಂದು ಕೌತುಕವೆಂದರೆ, ಈ ಅಕ್ಷಾಂಶದಲ್ಲಿ ಸೂರ್ಯ ನೆತ್ತಿಗೆ ಬರುವ ಆಗಸ್ಟ್ ಮಧ್ಯದ ದಿನದಿಂದ ಮುಂದಿನ ಏಪ್ರಿಲ್ ಕೊನೆಯ ದಿನದವರೆಗೆ ಸುಮಾರು 260 ದಿನಗಳಾಗುತ್ತವೆ. ಪವಿತ್ರ ಪಂಚಾಂಗದ ಮೂಲ ಇದೇ ಇರಬಹುದೆಂಬ ವಾದಕ್ಕೆ ಪೂರ್ಣ ಒಪ್ಪಿಗೆ ಸಿಕ್ಕಿಲ್ಲವಾದರೂ ಆ ದಿನಗಳಲ್ಲಿ ಅಲ್ಲಿ ನೆರಳಿಲ್ಲದ ಮಧ್ಯಾಹ್ನವನ್ನು ನೋಡುವ ಅವಕಾಶ ನಿಮಗಿರುತ್ತದೆ. ಊರಿನಿಂದ ಅವಶೇಷಗಳಿಗೆ ನಡೆದೇ ಹೋಗಬಹುದು, ನೆಲ ಬಹುತೇಕ ಸಮತಟ್ಟು, ಜನ ವಿರಳ. ಮುಖ್ಯ ಅಡ್ಡಿಯೆಂದರೆ ತಲುಪುವ ದಾರಿ: ಗ್ವಾಟೆಮಾಲಾ ನಗರದಿಂದ ಅರ್ಧ ದಿನಕ್ಕೂ ಮಿಕ್ಕ ರಸ್ತೆ ಪ್ರಯಾಣ ಮತ್ತು ಒಂದು ಗಡಿ ದಾಟುವಿಕೆ.

ಯಾರಿಗೆ ಯಾವುದು?

ಕಾನ್‌ಕುನ್‌ನಲ್ಲಿ ಮಕ್ಕಳು ಮತ್ತು ಹಿರಿಯರೊಂದಿಗೆ ನಾಲ್ಕೈದು ದಿನ ಇರುವವರಿಗೆ ವಯ್ಯಾಡೊಲಿಡ್‌ನಲ್ಲಿ ಒಂದು ರಾತ್ರಿ ತಂಗಿ ಚಿಚೆನ್ ಇಟ್ಸಾ ನೋಡುವುದೇ ಸರಿ. ಕಡಲತೀರದ ತುಲುಮ್ ಸುಂದರವಾಗಿದ್ದರೂ ಖಗೋಳದ ದೃಷ್ಟಿಯಿಂದ ಅದಕ್ಕೆ ಅರ್ಧ ದಿನಕ್ಕಿಂತ ಹೆಚ್ಚು ಬೇಡ. ಒಂದು ವಾರವಿದ್ದು ಖರ್ಚು ಮಿತವಾಗಿರಬೇಕೆಂದರೆ ಕಾನ್‌ಕುನ್ ಬಿಟ್ಟು ಮೆರಿಡಾದಲ್ಲಿ ತಂಗಿ. ಊಟ ವಸತಿ ಅಗ್ಗ, ಉಶ್ಮಲ್ ಮತ್ತು ಚಿಚೆನ್ ಇಟ್ಸಾ ಎರಡೂ ಒಂದೊಂದು ದಿನದ ದೂರ. ಎರಡರಲ್ಲಿ ಒಂದನ್ನು ಕೈಬಿಡಲೇಬೇಕಾದರೆ, ಹೆಸರಿಗಾಗಿ ಹೋಗುತ್ತಿಲ್ಲದವರು ಉಶ್ಮಲ್ ಅನ್ನೇ ಉಳಿಸಿಕೊಳ್ಳಲಿ. ಹತ್ತು ದಿನವಿದ್ದರೆ ಅದಕ್ಕೆ ಪಲೆಂಕೆಯ ಎರಡು ದಿನಗಳನ್ನು ಸೇರಿಸಿ. ಡಿಸೆಂಬರ್ ಮೂರನೆಯ ವಾರ ಇದಕ್ಕೆ ತಕ್ಕ ಕಾಲ, ಕ್ರಿಸ್ಮಸ್ ರಜೆಯ ದಟ್ಟಣೆಯಿಂದಾಗಿ ಕೋಣೆಗಳನ್ನು ಮಾತ್ರ ತಿಂಗಳುಗಳ ಮೊದಲೇ ಕಾಯ್ದಿರಿಸಬೇಕು. ಅಗ್ನಿಪೂಜೆ, ದಿನಗಣನೆ, ಕಾಡಿನ ಮೌನ ಇವೇ ನಿಮ್ಮನ್ನು ಸೆಳೆಯುತ್ತಿದ್ದರೆ ಮೆಕ್ಸಿಕೋವನ್ನು ಪೂರ್ತಿ ಬಿಟ್ಟು ಟಿಕಾಲ್ ಮತ್ತು ಕೊಪಾನ್ ಅನ್ನು ಒಂದೇ ಪ್ರವಾಸದಲ್ಲಿ ಜೋಡಿಸಿಕೊಳ್ಳಿ. ಕೊಪಾನ್‌ಗೆ ಹೋಗುವಾಗ ಕಿರಿಗ್ವಾ ಎಂಬಲ್ಲಿ ಇಳಿದರೆ ದೀರ್ಘ ಗಣನೆಯ ಮೊದಲ ದಿನವನ್ನೇ ಕೆತ್ತಿರುವ ಶಿಲಾಸ್ತಂಭವನ್ನೂ, ಹತ್ತು ಮೀಟರಿಗೂ ಮಿಕ್ಕ ಎತ್ತರದ ಇನ್ನೊಂದನ್ನೂ ನೋಡಬಹುದು.

ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಒಂದು ಮಾತು. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಮೆಕ್ಸಿಕೋಕ್ಕೆ ಬೇರೆ ವೀಸಾ ಬೇಕಾಗುವುದಿಲ್ಲ. ಗ್ವಾಟೆಮಾಲಾ ಮತ್ತು ಹೊಂಡುರಾಸ್‌ಗಳ ನಿಯಮಗಳನ್ನು ಟಿಕೆಟ್ ಕೊಳ್ಳುವ ಮೊದಲೇ ಆಯಾ ರಾಯಭಾರ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು. ಸಸ್ಯಾಹಾರಿಗಳಿಗೆ ಮೆಕ್ಕೆಜೋಳದ ರೊಟ್ಟಿ ಮತ್ತು ಕಪ್ಪು ಬೀನ್ಸ್ ಕಾಳಿನ ಪಲ್ಯ ಎಲ್ಲೆಡೆಯೂ ಸಿಗುತ್ತವೆ, ಆದರೆ ಆ ಪಲ್ಯಕ್ಕೆ ಹಂದಿಯ ಕೊಬ್ಬು ಹಾಕುವುದು ಸಾಮಾನ್ಯವಾದ್ದರಿಂದ ‘ಸಿನ್ ಮಾಂತೆಕಾ’ ಎಂದು ಹೇಳಿ, ಕೊಬ್ಬಿಲ್ಲದ್ದನ್ನೇ ಕೇಳಿ ಪಡೆಯಬೇಕು.